ಎದುರು ಸಾಲು

ಬೆನ್ನ ಹಿಂದೆ ಚಪ್ಪಲಿ ಉಜ್ಜುವ ಸದ್ದು, ಯಾರೋ ಬಂದು ನಿಂತರು, ಇಲ್ಲ, ಯಾರೋ ಹೊರಟರು — ತಿರುಗಿ ನೋಡಬಾರದು, ನೋಡಿದರೆ ಶಾಸಕ ಶಾಗ್ಬಾ ಹೆದರಿದ್ದಾನೆ ಅಂದುಕೊಳ್ಳುತ್ತಾರೆ, ಶಾಲೆಯ ಮೈದಾನದಲ್ಲಿ ಎದುರುಬದುರು ಎರಡು ಪ್ಲಾಸ್ಟಿಕ್ ಕುರ್ಚಿ, ಇದರಲ್ಲಿ ನಾನು, ಅದರಲ್ಲಿ ನರ್ಸ್ ಕ್ಪಾದೂ, ಪಕ್ಷದ ಟಿಕೆಟ್ ಯಾರಿಗೆ ಸಿಗಬೇಕೋ ಅವರ ಹಿಂದೆ ಊರವರು ಸಾಲು ನಿಲ್ಲಬೇಕು, ಹಗಲು ಬೆಳಕಿನಲ್ಲಿ, ಎಲ್ಲರ ಕಣ್ಣೆದುರು. ಇದೇ ಶಾಲೆಯಲ್ಲಿ ಇದೇ ಕ್ಪಾದೂಗೆ ಭೂಗೋಳ ಕಲಿಸಿದ್ದೆ, ಬೆನುವೆ ನದಿ ಎಲ್ಲಿ ಹುಟ್ಟುತ್ತದೆ ಹೇಳು, ಗೊತ್ತಿಲ್ಲ ಮೇಷ್ಟ್ರೇ, ಆದ್ರೆ ಮಳೇಲಿ ನಮ್ಮನೆಗೇ ಬರುತ್ತೆ — ತರಗತಿಯೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ. ಹದಿನಾರು ವರ್ಷವಾಯಿತು ನಾನು ಮೇಷ್ಟ್ರ ಕೆಲಸ ಬಿಟ್ಟು, ಮೊದಲ ಸಲ ಗೆದ್ದಾಗ ಹಿರಿಯರು ಕಪ್ಪು ಬಿಳುಪು ಪಟ್ಟೆಯ ದಪ್ಪ ಬಟ್ಟೆ ಹೊದಿಸಿದರು, ಅದರೊಳಗೆ ಬೆವರುತ್ತ ಹೇಳಿದ್ದೆ, ನದಿಯ ಈಚೆ ದಡಕ್ಕೊಂದು ಹೆರಿಗೆ ಆಸ್ಪತ್ರೆ ತರ್ತೀನಿ, ಇನ್ನು ಯಾವ ಹೆಂಗಸೂ ದೋಣೀಲಿ ಹೆರೋದು ಬೇಡ. ತಂದೆ ತಾನೆ, ಗೋಡೆ ತಂದೆ, ಛಾವಣಿಗಾಗಿ ಪ್ರತಿ ಅಧಿವೇಶನದಲ್ಲೂ ಎದ್ದು ನಿಂತೆ, ಕೂತ್ಕೊಳ್ಳಿ ಆನರಬಲ್, ನಿಮ್ಮ ವಿಷಯ ದಾಖಲಾಗಿದೆ, ಅನ್ನುತ್ತಿದ್ದರು ಸಭಾಧ್ಯಕ್ಷರು, ಕೂತೆ, ಕೂರುವುದೇ ರೂಢಿಯಾಯಿತು, ಕೈ ಎತ್ತಿ ಅಂದಾಗ ಎತ್ತಿದೆ, ಇಳಿಸಿ ಅಂದಾಗ ಇಳಿಸಿದೆ, ಉಳಿದಂತೆ ಶವಸಂಸ್ಕಾರಗಳು, ವಾರಕ್ಕೆ ಮೂರು, ಎಲ್ಲ ಕಡೆ ಮೊದಲ ಸಾಲಿನ ಕುರ್ಚಿ, ಹಸಿವಿಲ್ಲದಿದ್ದರೂ ಸಾವಿನೂಟದ ಕುಟ್ಟಿದ ಗೆಣಸು. ಆ ಬೋಳು ಗೋಡೆಗಳ ಮೇಲೆ ಕ್ಪಾದೂ ಟಾರ್ಪಾಲು ಕಟ್ಟಿ ಹೆರಿಗೆ ಮಾಡಿಸತೊಡಗಿದಳು, ನನ್ನನ್ನು ಕೇಳಲಿಲ್ಲ, ದೂರಲೂ ಇಲ್ಲ; ಹೋದ ಮಳೆಗಾಲದಲ್ಲಿ ನನ್ನ ಮಗಳು ಹೆತ್ತದ್ದೂ ಅಲ್ಲೇ, ನಾನು ರಾಜಧಾನಿಯಲ್ಲಿದ್ದೆ, ಟಾರ್ಪಾಲು ಸೋರುತ್ತಿತ್ತಂತೆ, ನನ್ನ ಹೆಂಡತಿ ಎರ್ದೂ ಇಡೀ ದಿನ ಮಗಳ ತಲೆಯ ಮೇಲೆ ತಟ್ಟೆ ಹಿಡಿದು ನಿಂತಿದ್ದಳಂತೆ.

ಇವತ್ತು ಬೆಳಿಗ್ಗೆ ನನ್ನ ಅಂಗಿಗೆ ಗುಂಡಿ ಹಾಕುತ್ತ ಎರ್ದೂ ಅಂದಳು, ಸಾಕು ಮೇಷ್ಟ್ರೇ, ಮನೆಗೆ ಬನ್ನಿ. ಇದೊಂದೇ ಸಲ ಕಣೇ. ಹೋದ್ಸಲಾನೂ ಅದನ್ನೇ ಅಂದ್ರಿ. ಊರೆಲ್ಲ ಆನರಬಲ್ ಅನ್ನುವಾಗ ಅವಳಿಗೊಬ್ಬಳಿಗೇ ನಾನಿನ್ನೂ ಮೇಷ್ಟ್ರು — ಮತ್ತೆ ಚಪ್ಪಲಿ ಸದ್ದು, ಈ ನಡಿಗೆ ಗೊತ್ತು, ಎಡಗಾಲು ತುಸು ಎಳೆಯುವ ನಡಿಗೆ, ನನ್ನ ಕುರ್ಚಿ ದಾಟಿತು, ನಿಲ್ಲಲಿಲ್ಲ, ಮೈದಾನದ ನಡುವೆ ಎರ್ದೂ. ಅಮ್ಮಾ, ಸಾಲು ತಪ್ಪಿದ್ರಿ, ಆನರಬಲ್ ಈ ಕಡೆ ಇದಾರೆ, ಯಾರೋ ಕೂಗಿದರು. ತಪ್ಪಿಲ್ಲಪ್ಪ, ನನ್ ಕಣ್ಣು ಚೆನ್ನಾಗೇ ಇದೆ. ಒಂದಿಷ್ಟು ನಗೆ. ಕ್ಪಾದೂ ಗಾಬರಿಯಿಂದ ಅರ್ಧ ಎದ್ದಳು, ಎರ್ದೂ ಅವಳ ಹೆಗಲೊತ್ತಿ ಕೂರಿಸಿದಳು, ಕ್ಪಾದೂ ಹಿಂದಿನ ಸಾಲಿನ ಕೊನೆಯವರೆಗೂ ನಡೆದು ಹೋದಳು, ಆ ಸಾಲು ಎಷ್ಟು ಉದ್ದವೆಂದರೆ ಬೇಲಿಗೆ ತಾಗಿ ಬಾಗಿದೆ, ಆ ಬಾಗಿನಲ್ಲಿ ನಿಂತಳು. ಕೋಪ ಬರಬೇಕಿತ್ತು, ಕಾದೆ, ಬರಲಿಲ್ಲ, ನಿದ್ದೆ ಬಂದಂತಾಯಿತು, ಎಷ್ಟೋ ವರ್ಷದ ನಿದ್ದೆ — ಅವಳು ಉಟ್ಟಿರುವುದು ನನ್ನ ಮೊದಲ ಚುನಾವಣೆಯ ಬಟ್ಟೆ, ನನ್ನ ಮುಖ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದು, ಒಗೆದೊಗೆದು ಕಣ್ಣು ಮೂಗು ಮಾಸಿವೆ, ಮೀಸೆ ಮಾತ್ರ ಕಪ್ಪಗಿದೆ, ಎರ್ದೂ ತಲೆ ತಗ್ಗಿಸಿದ್ದಾಳೆ, ಅವಳ ಹೊಟ್ಟೆಯ ಮೇಲಿಂದ ಆ ಮುಖ ನನ್ನನ್ನೇ ನೋಡುತ್ತಿದೆ, ಎಣಿಸುವವರು ಸಾಲಿನ ಪಕ್ಕ ಬರುತ್ತಿದ್ದಾರೆ, ಅವಳು ಒಂದು ಹೆಜ್ಜೆ ಮುಂದೆ ಸರಿದಳು, ಅದೂ ಸರಿಯಿತು, ಎದುರು ಸಾಲಿನಲ್ಲಿ, ನಗುತ್ತ, ನನ್ನ ಮುಖ