ಎರಡನೇ ಹನಿ

ತಾಳಿದವನು ಬಾಳಿಯಾನು, ‘ತಾಳಿ’ ಎಂದವನು ಬಳಲಿಯಾನು. ಗಾದೆ ಸ್ವಲ್ಪ ಕೆಟ್ಟಿದೆ, ಕತೆ ಮಾತ್ರ ಅಪ್ಪಟ ನಿಜ.

“ನಿಧಾನ, ನಿಧಾನ! ಗೋಡೆಗೆ ತಗಲುತ್ತೆ!” ಲ್ಯಾಬಿನ ಮ್ಯಾನೇಜರು ಕೂಗಿದರು. ನಾಲ್ವರು ಶವಪೆಟ್ಟಿಗೆಯನ್ನು ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ ಇಳಿಸುತ್ತಿದ್ದರು. ಒಳಗೆ ತಾಳಣ್ಣ. ರಾಸಾಯನಿಕಗಳು ಮೈಗೆ ಕೆಡುಕು ಮಾಡುತ್ತವೆಯೇ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿ ಜೀವಮಾನವಿಡೀ “ತಾಳಿ, ಇನ್ನೊಂದ್ಸಲ ನೋಡೋಣ” ಎಂದು ಸಂಪಾದಿಸಿದ ಹೆಸರು ಅದು.

“ಇದ್ದಾಗ ಬೇಗ ಬೇಗ ಅಂತಿದ್ರಿ. ಈಗ ನಿಧಾನ ನೆನಪಾಯ್ತಾ ಸಾರ್?” ಎಂದರು ತಾಳಣ್ಣನ ಹೆಂಡತಿ.

ಮ್ಯಾನೇಜರು ಜೇಬಿನಲ್ಲಿ ಕರ್ಚೀಫು ಹುಡುಕಿದರು.

ಕೆಳಗೆ ವ್ಯಾನಿತ್ತು, ಡ್ರೈವರ್ ಇರಲಿಲ್ಲ. ಚಹಾಕ್ಕೆ ಹೋಗಿದ್ದನಂತೆ.

“ಹೋಗೋವಾಗ್ಲೂ ಎಲ್ರನ್ನೂ ಕಾಯಿಸ್ದ, ಪುಣ್ಯಾತ್ಮ,” ಎಂದು ಯಾರೋ ಅಂದರು. ಪೆಟ್ಟಿಗೆಯ ಹಿಂದಿನ ತುದಿ ಹಿಡಿದಿದ್ದ ಗಿಣಿ ನಗಲಿಲ್ಲ. ಲ್ಯಾಬಿನಲ್ಲಿ ಯಾರ ದನಿಯನ್ನಾದರೂ ಕದಿಯಬಲ್ಲ ಮಿಮಿಕ್ರಿಗಾರ ಅವನು, ಅದಕ್ಕೇ ಆ ಅಡ್ಡಹೆಸರು.

ಕೈಗೆ ಬಟ್ಟೆಯ ಗ್ಲೌಸು ಹಾಕಿದ್ದ ಹೆಂಗಸೊಬ್ಬಳು ಮುಂದೆ ಬಂದಳು. “ಚಪ್ಪಲಿ ಫ್ಯಾಕ್ಟರೀಲಿ ಅಂಟು ಬಳೀತಿದ್ದೆ ಅಕ್ಕ. ಕೈಯೆಲ್ಲ ಬಿರಿದು ಕೆಲಸ ಬಿಟ್ಟೆ. ಅಣ್ಣ ಮುಲಾಮು ತಂದ್ಕೊಡೋರು. ಪ್ರತಿಸಲ ‘ತಪ್ಪಾಯ್ತಮ್ಮ’ ಅನ್ನೋರು. ಯಾಕಣ್ಣ ಅಂದ್ರೆ ಬಾಯೇ ಬಿಡ್ತಿರ್ಲಿಲ್ಲ.”

ಹೆಂಡತಿ ಗಿಣಿಯತ್ತ ತಿರುಗಿದರು. “ನನ್ಹತ್ರಾನೂ ಹೇಳ್ಲಿಲ್ಲ. ಉಪ್ಪಿನ ಡಬ್ಬಾನೂ ಎರಡ್ಸಲ ಮೂಸಿ ನೋಡೋ ಮನುಷ್ಯ, ಆ ಅಂಟಿಗೆ ಮಾತ್ರ ಯಾಕೆ ಅವಸರವಾಗಿ ‘ತೊಂದರೆಯಿಲ್ಲ’ ಅಂತ ಸಹಿ ಹಾಕಿದ್ರು? ನಿಮಗೆ ಗೊತ್ತಿರ್ಬೇಕಲ್ಲ?”

ಗಿಣಿ ಮ್ಯಾನೇಜರನ್ನು ನೋಡಿದ. ಅವರು ವ್ಯಾನಿನ ಚಕ್ರ ನೋಡುತ್ತಿದ್ದರು. ಸುಳ್ಳು ಹೇಳಲು ಅವನ ಗಂಟಲಲ್ಲಿ ಹತ್ತಾರು ದನಿಗಳಿದ್ದವು. ಹೊರಬಂದದ್ದು ಅವನದೇ ದನಿ.

“ಗೊತ್ತು ಅತ್ತಿಗೆ. ಹೇಳ್ತೀನಿ.”

*

ಅಂದು ಲ್ಯಾಬಿನಲ್ಲಿ, ತಟ್ಟೆಯಲ್ಲಿ ಬೆಳೆಸಿದ ಚರ್ಮದ ಕೋಶಗಳ ಮೇಲೆ ಅಂಟಿನ ಹೊಸ ದ್ರಾವಣದ ಹನಿ ಬಿದ್ದಿತ್ತು. ಅಗ್ಗದ ಪರೀಕ್ಷೆ, ಮರುದಿನವೇ ಉತ್ತರ: ತೊಂದರೆಯಿಲ್ಲ.

“ಉರಿ ಬರಲ್ಲ ಅಂತಷ್ಟೇ ಇದರರ್ಥ ಸಾರ್,” ಎಂದಿದ್ದರು ತಾಳಣ್ಣ. “ಕೆಲವನ್ನ ಚರ್ಮ ಮೊದಲ್ನೇ ಸಲ ಸಹಿಸ್ಕೊಳ್ಳುತ್ತೆ, ಆದ್ರೆ ಮರೆಯಲ್ಲ. ವಾರಗಟ್ಲೆ ಬಿಟ್ಟು ಮತ್ತೆ ಮುಟ್ಟಿದ್ರೆ ಸೇಡು ತೀರಿಸ್ಕೊಳ್ಳುತ್ತೆ. ದೊಡ್ಡ ಪರೀಕ್ಷೆ ಮಾಡೋಣ. ಎರಡನೇ ಹನಿವರೆಗೆ ತಾಳಿ.”

“ಅದರ ಖರ್ಚು ಯಾರಪ್ಪ ಕೊಡ್ತಾನೆ? ಅಷ್ಟರಲ್ಲಿ ಆರ್ಡರು ಕೈಬಿಟ್ಟು ಹೋಗಿರುತ್ತೆ. ನೂರಕ್ಕೆ ನೂರು ಗ್ಯಾರಂಟಿ ಇರೋದು ಸಾವಿಗೆ ಮಾತ್ರ ಕಣ್ರೀ!”

ತಾಳಣ್ಣ ಅಲ್ಲಾಡಲಿಲ್ಲ. ಆಗ ಮ್ಯಾನೇಜರು ಗಿಣಿಯ ಹೆಗಲ ಮೇಲೆ ಕೈಹಾಕಿ, “ನೀನೇ ಏನಾದ್ರೂ ಮಾಡಪ್ಪಾ,” ಎಂದರು.

ಊಟದ ಹೊತ್ತಿಗೆ ಗಿಣಿ ತಾಳಣ್ಣನ ಬಿಳಿ ಕೋಟು ತೊಟ್ಟು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಬೆಂಚಿನ ಮೇಲೆ ನಿಂತ. ಚಹಾವನ್ನು ಮುಂಗೈಗೆ ಹನಿಸಿಕೊಂಡು ಅದೇ ಎಳೆದ ದನಿಯಲ್ಲಿ ಶುರುಮಾಡಿದ: “ತಾ...ಳಿ! ಯಾರೂ ಕುಡೀಬೇಡಿ! ಏನೇ, ಎರಡನೇ ಮುತ್ತು ಮುಂದಿನ ತಿಂಗಳು ಕಣೇ, ಮೊದಲನೇದರ ರಿಸಲ್ಟೇ ಇನ್ನೂ ಬಂದಿಲ್ಲ!”

ಲ್ಯಾಬು ಬಿದ್ದು ಬಿದ್ದು ನಕ್ಕಿತು. ಆಮೇಲೆ ಬಾಗಿಲತ್ತ ನೋಡಿ ಒಮ್ಮೆಲೇ ತಣ್ಣಗಾಯಿತು. ತಾಳಣ್ಣ ಅಲ್ಲೇ ನಿಂತಿದ್ದರು.

 ಮತ್ತೆ ಮೊದಲು ನಕ್ಕವರು ಅವರೇ. ಕಿಟಕಿಯ ಗಾಜು ನಡುಗುವಂತೆ, ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೊಡಿ ಸಾರ್, ಕೊಡಿ,” ಎಂದು ಮ್ಯಾನೇಜರ ಕೈಯಿಂದ ಅಂಟಿನ ವರದಿ ಕಿತ್ತುಕೊಂಡರು. ಇನ್ನೊಂದು ಸಲ ನೋಡದೆ, ನಗುತ್ತಲೇ, ಸಹಿ ಹಾಕಿದರು.