ಲಂಡನ್ನಿನಲ್ಲಿ ಮೂಡದ ಚಂದ್ರ

ಟಿ. ನರಸೀಪುರದ ಮಹದೇವಮ್ಮನಿಗೆ ಸಂಕಷ್ಟಿಯ ಉಪವಾಸ ಹೊಸದಲ್ಲ. ಆದರೆ ಅದರ ನಿಯಮಗಳೆಲ್ಲ ನಂಜನಗೂಡಿನಿಂದ, ಅಣ್ಣ ಮಹದೇವಯ್ಯ ಪಂಡಿತರ ಬಾಯಿಂದಲೇ ಹೊರಡಬೇಕು. ವೈಶಾಖದಲ್ಲಿ ಮೋಡ ಕವಿದು ಚಂದ್ರ ಮೊಗದೋರದಿದ್ದಾಗ ಅವಳು ಫೋನಿನಲ್ಲಿ ಕೇಳಿದ್ದಳು: "ಪಂಚಾಂಗದಲ್ಲಿ ಚಂದ್ರ ಮೂಡೋ ಒತ್ತು ಬರ್ದದಲ್ಲ ಅಣ್ಣಯ್ಯ, ಉಣ್ಲಾ?"

"ಕಣ್ಣಾರೆ ಕಾಣದೆ ಅನ್ನವಿಲ್ಲ" ಎಂದಿದ್ದರು ಪಂಡಿತರು. ಮಹದೇವಮ್ಮ ನೀರು ಕುಡಿದೇ ಬೆಳಗು ಮಾಡಿದ್ದಳು.

ಎರಡು ಸಾವಿರದ ಮೂರನೆಯ ಇಸವಿಯ ಜ್ಯೇಷ್ಠದಲ್ಲಿ ಪಂಡಿತರಿಗೆ ಲಂಡನ್ನಿನ ಸಂಸ್ಕೃತ ಸಭೆಯೊಂದರಿಂದ ಕರೆ ಬಂದಿತು. ಪ್ರಯಾಣದ ದಿನವೇ ಸಂಕಷ್ಟಿ. ಹೇಳಿಹೋಗಲು ಬಂದವರು ತಂಗಿಯ ಜಗಲಿಯಲ್ಲಿ ಕುಳಿತು ಲೆಕ್ಕ ಬಿಡಿಸಿದರು.

"ಮುಂಬಯಿಗೂ ಲಂಡನ್ನಿಗೂ ಏಳು ಸಾವಿರ ಕಿಲೋಮೀಟರಿಗೆ ಮೇಲೆ. ಒಂಬತ್ತೂವರೆ ಗಂಟೆಯ ದಾರಿ. ವಿಮಾನ ಮಧ್ಯಾಹ್ನ ಎರಡಕ್ಕೆ ಹೊರಡುತ್ತದೆ. ಚಂದ್ರೋದಯ ಒಂಬತ್ತೂ ಮುಕ್ಕಾಲಿಗೆ. ಕಿಟಕಿಯಲ್ಲೇ ದರ್ಶನ, ಆಸನದಲ್ಲೇ ಪಾರಣೆ! ಅಂದಹಾಗೆ, ನರಸೀಪುರ ನಮ್ಮ ನಂಜನಗೂಡಿಗಿಂತ ಮೂಡಲು. ನಿನಗೆ ಚಂದ್ರ ಒಂದು ನಿಮಿಷ ಮೊದಲೇ ಮೂಡುವನು, ನೆನಪಿರಲಿ."

ಹದಿನೈದು ಮೈಲಿಗೊಂದು ನಿಮಿಷ ಕಳೆಯುವ ಅಣ್ಣನ ಪಾಂಡಿತ್ಯಕ್ಕೆ ಕೈಮುಗಿದು, ಮಹದೇವಮ್ಮ ಕಡುಬಿನ ಡಬ್ಬಿ ಕಟ್ಟಿಕೊಟ್ಟಳು.

ಸಂಕಷ್ಟಿಯ ರಾತ್ರಿ ನರಸೀಪುರದ ಆಕಾಶ ತಿಳಿಯಾಗಿತ್ತು. ಅವಳು ಚಂದ್ರನಿಗೆ ಅರ್ಘ್ಯ ಕೊಟ್ಟು, ಉಂಡು, ಅಣ್ಣನೂ ಮುಗಿಲ ಮೇಲೆ ಉಂಡಿರಬೇಕೆಂದು ನೆಮ್ಮದಿಯಿಂದ ಮಲಗಿದಳು. ನಸುಕಿನಲ್ಲಿ ಎದ್ದು ಅಂಗಳಕ್ಕೆ ನೀರು ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ತಂಗೀ..." ಪಂಡಿತರ ದನಿ ಹಸಿದ ಕರುವಿನದು. "ಇಲ್ಲಿ ನಡುರಾತ್ರಿ. ಇನ್ನೂ ಊಟವಿಲ್ಲ."

"ಅಯ್ಯೋ! ಯಾಕಣ್ಣಯ್ಯ?"

"ನನ್ನ ಗಡಿಯಾರ ಒಂಬತ್ತೂ ಮುಕ್ಕಾಲು ಎಂದಾಗ ಕಿಟಕಿಯಲ್ಲಿ ಸೂರ್ಯ! ವಿಮಾನ ಪಡುವಲಿಗೆ ಓಡಿದಷ್ಟೂ ಅವನು ಜೊತೆಗೇ ಬಂದ. ಇಳಿದಾಗಲೂ ಹಗಲು. ಕತ್ತಲಾಯಿತು ಎನ್ನುವಷ್ಟರಲ್ಲಿ ಮೋಡ."

"ನರಸೀಪುರಕ್ಕೆ ಒಂದು ನಿಮಿಷ ಕಳ್ದೋನು, ಲಂಡನ್‌ಗೆ ಎಷ್ಟು ಕೂಡ್ದೆ?"

ಆ ತುದಿಯಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ಊರಿಂದೂರಿಗೆ ಹೊತ್ತು ಬದಲಾಗುವ ದೇಶಾಂತರದ ಗಣಿತವನ್ನು ಶಿಷ್ಯರಿಗೆ ನಲವತ್ತು ವರ್ಷ ಕಲಿಸಿದ ಗಂಟಲು ಅದು.

"ಟಿಕೀಟಿನ ಸಡಗರದಲ್ಲಿ... ಬಿಟ್ಟುಹೋಯಿತು. ಅದಿರಲಿ, ನೀನು ಚಂದ್ರನನ್ನು ಕಂಡೆಯೋ? ಒಡಹುಟ್ಟಿದವಳು ಕಂಡ ದರ್ಶನ ನನ್ನದೂ ಆದೀತೆಂದು ತೋರುತ್ತದೆ."

"ಕಣ್ಣಾರೆ ಕಾಣ್ದೆ ಅನ್ನ ಇಲ್ಲ ಅಂತ ಏಳಿದ್ದು ಯಾರು? ಲಂಡನ್ ಮಾರಾಜ್ರಾ?"

ಪಂಡಿತರು ಬಿಚ್ಚಿದ್ದ ಕಡುಬಿನ ಡಬ್ಬಿಯನ್ನು ಮತ್ತೆ ಮುಚ್ಚಿದರು. ಮುಚ್ಚಳ ಕಟಕ್ಕೆಂದದ್ದು ಏಳು ಸಾವಿರ ಕಿಲೋಮೀಟರು ದಾಟಿ ಬಂದಿತು. ಮಹದೇವಮ್ಮ ಫೋನಿನ ತಂತಿ ಬಂದಷ್ಟೂ ಎಳೆದು ಬಾಗಿಲಾಚೆ ಕತ್ತೆತ್ತಿದಳು. ಕರಗುತ್ತಿದ್ದ ಚಂದ್ರ ಪಡುವಲಿಗೆ ವಾಲಿದ್ದ.

"ಇಲ್ಲೇ ಅವ್ನೆ ಕಣಣ್ಣಯ್ಯ, ನಿನ್ ಕಡೀಕೇ ಒಂಟವ್ನೆ. ನಾ ನೋಡ್ತಾ ಇವ್ನಿ, ನೀ ಉಣ್ಣು. ಆದ್ರೆ ಒಂದ್ ಮಾತು: ಇನ್ಮೇಲೆ ನಮ್ಮೂರಲ್ಲಿ ಮೋಡ ಆದ್ರೆ ನಿನ್ ಕಣ್ಣೂ ನಂಗಾಯ್ತದೆ. ಸರೀನಾ?"

ತಂಗಿಯ ಈ ಧರ್ಮನಿರ್ಣಯಕ್ಕೆ ಪಂಡಿತರು ಏನೋ ಹೇಳಿದರು. ಅವಳಿಗೆ ಸ್ಪಷ್ಟವಾಗಲಿಲ್ಲ, ಅವರ ಬಾಯಲ್ಲಿ ಆಗಲೇ ಕಡುಬಿತ್ತು.