ರೈಲು ಬಂದಾಗ ಹಾಲು

ಹಿಂದೂಪುರದಲ್ಲಿ ನನ್ನನ್ನು ಗಡಿಯಾರದ ಡಾಕ್ಟರಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಆಡಿಕೊಳ್ಳುವ ಮಾತು ಅದು. ನಾನೋ ಬಿರುದು ಕೊಟ್ಟರು ಎಂದುಕೊಂಡು ಬೀಗುತ್ತಿದ್ದೆ. ಮಂಡಿ ವ್ಯಾಪಾರದ ಅಮರೇಶಪ್ಪನವರ ಮಗಳು ಭ್ರಮರಾಂಬ, ಮದ್ರಾಸಿನಲ್ಲಿ ಓದಿ ಬಂದವಳು, ಸೆರಗಿಗೆ ವಾಚು ಸಿಕ್ಕಿಸಿಕೊಂಡು ಓಡಾಡುವವಳು. ಸಾಲದೆ ಇದ್ದೀತೆ ಜಂಬಕ್ಕೆ?

ಸರ್ಕಾರಿ ಆಸ್ಪತ್ರೆಗೆ ಬಸುರಿಯರು ಬಂದರೆ ಬೆಂಚಿನ ಮೇಲೆ ಕೂರಿಸಿ ಪಾಠ ಮಾಡುತ್ತಿದ್ದೆ. ಸೊಪ್ಪು ತಿನ್ನಿ, ಭಾರ ಹೊರಬೇಡಿ, ಕಾಲು ಊದಿದರೆ ಬಂದು ತೋರಿಸಿ. ಅದೆಲ್ಲ ಸರಿಯಾದದ್ದೇ. ಕೊನೆಯಲ್ಲಿ ಮಾತ್ರ ದನಿ ಏರಿಸುತ್ತಿದ್ದೆ. ಕೂಸಿಗೆ ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ನಾಲ್ಕು ಗಂಟೆಗೊಮ್ಮೆ ಮಾತ್ರ ಮೊಲೆ ಕೊಡಬೇಕು, ನಡುವೆ ಎಷ್ಟೇ ಅತ್ತರೂ ಕೊಡಕೂಡದು, ಕೊಟ್ಟರೆ ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ. ಆಗ ನಮಗೆ ಕಲಿಸಿದ್ದು ಹಾಗೆಯೇ. ಹಾಗೆಂದು ಹೇಳಿ ನುಣುಚಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ.

ನಲವತ್ತಮೂರನೇ ಇಸವಿಯಲ್ಲಿ ಎರ್ರಮ್ಮ ಏಳು ತಿಂಗಳ ಚೊಚ್ಚಲ ಬಸುರಿಯಾಗಿ ಬಂದಳು. ಗಂಡ ಕದಿರಪ್ಪ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನವನು. ಊರಾಚೆ ಗೇಟಿನ ಹತ್ತಿರ ಅವರ ಮನೆ.

"ನಮ್ಮನೇಲಿ ಗಡಿಯಾರ ಇಲ್ಲ ಕಣಮ್ಮ," ಎಂದಳು. "ರೈಲುಬಂಡಿ ಹೋಯ್ತವೆ. ಬೆಳಿಗ್ಗೆ ಆರಕ್ಕೊಂದು, ಹತ್ತಕ್ಕೊಂದು, ಎರಡಕ್ಕೆ ಗೂಡ್ಸು, ಸಾಯಂಕಾಲ ಆರಕ್ಕೆ ಇನ್ನೊಂದು, ರಾತ್ರಿ ಹತ್ತಕ್ಕೆ ಕಡೇದು. ಅದ್ನ ನೋಡ್ಕಂಡು ಕೊಟ್ರೆ ಆಯ್ತದಾ?"

ನನಗೆ ಖುಷಿಯೋ ಖುಷಿ. ಓದು ಬಾರದ ಹೆಣ್ಣು ಎಷ್ಟು ಚೆನ್ನಾಗಿ ಹಿಡಿದಳು ಎಂದು ಬೆನ್ನು ತಟ್ಟಿದೆ. ಆಮೇಲೆ ಬಂದ ಬಸುರಿಯರಿಗೆಲ್ಲ ಅವಳದೇ ಉದಾಹರಣೆ ಹೇಳಿದೆ.

ಗಂಡು ಕೂಸು ಹುಟ್ಟಿತು, ಗುಂಡು ಗುಂಡಾಗಿತ್ತು. ಎರಡು ತಿಂಗಳಿಗೆ ತಂದು ತೋರಿಸಿದಾಗ ತೊಡೆಯ ಚರ್ಮ ಸುಕ್ಕಾಗಿತ್ತು. ಜೊತೆಗೆ ಬಂದಿದ್ದ ಅತ್ತೆ ಓಬಮ್ಮ ನನ್ನ ಮೇಜಿಗೆ ಕೈಯೂರಿ ನಿಂತಳು.

"ಅತ್ರೆ ಹಾಲು ಕೊಡೋದು ಕಣಮ್ಮ. ರೈಲು ಬಂದಾಗ ಕೊಡೋದು ಯಾವ ಊರಾಗೈತೆ?"

"ನಿಮ್ಮಂಥವರಿಂದಲೇ ಕೂಸುಗಳು ಸಾಯೋದು," ಎಂದು ಆ ಮುದುಕಿಯನ್ನು ಹೊರಗೆ ಕಳಿಸಿದೆ. ಎರ್ರಮ್ಮನ ಕಡೆ ತಿರುಗಿ, ಹೊತ್ತಲ್ಲದ ಹೊತ್ತಿನಲ್ಲಿ ಕೊಡುತ್ತಿದ್ದೀಯಾ ಎಂದು ಕೇಳಿದೆ.

"ಇಲ್ಲಮ್ಮ. ಬಂಡಿ ಬರೋಗಂಟ ಕೊಡಲ್ಲ."

ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಕಂಡೂ ಶಭಾಷ್ ಎಂದೆ.

ಯುದ್ಧದ ದಿನಗಳು. ಸೈನ್ಯದ ಬಂಡಿಗಳಿಗೆ ದಾರಿ ಬಿಟ್ಟು ನಮ್ಮ ಕಡೆಯ ರೈಲುಗಳು ನಾಲ್ಕೈದು ಗಂಟೆ ತಡವಾಗಿ ಬರುತ್ತಿದ್ದವು, ಕೆಲವು ದಿನ ಬರುತ್ತಲೇ ಇರಲಿಲ್ಲ. ಅದು ನನಗೆ ಗೊತ್ತಿರಲಿಲ್ಲವೇ? ಔಷಧಿಯ ಪಾರ್ಸೆಲ್ ತಡವಾಯಿತೆಂದು ಸ್ಟೇಷನ್ ಮಾಸ್ತರರಿಗೆ ಖಾರವಾಗಿ ಕಾಗದ ಬರೆದವಳು ನಾನೇ. ಗೇಟಿನ ಹತ್ತಿರದ ಮನೆಯ ನೆನಪು ಮಾತ್ರ ಬರಲಿಲ್ಲ.

ಮೂರು ತಿಂಗಳು ತುಂಬುವ ಮೊದಲೇ ಕೂಸು ಹೋಯಿತು. ಸಾವಿನ ಚೀಟಿಗೆ ಬಂದ ಕದಿರಪ್ಪ ತಲೆ ತಗ್ಗಿಸಿಕೊಂಡು ಹೇಳಿದ. "ಈ ನಡುವೆ ಬಂಡಿಗಳೇ ಸರಿಯಾಗಿ ಬರ್ತಿರ್ಲಿಲ್ಲ ತಾಯಿ. ಅವ್ಳು ಕೂಸ್ನ ಎತ್ಕಂಡು ಹಳಿ ಕಡೆ ನೋಡ್ಕಂತ ಕುಂತಿರೋಳು."

ಎಲ್ಲವೂ ಆ ಕ್ಷಣಕ್ಕೆ ತಿಳಿಯಿತು. ಕೈಯಲ್ಲಿದ್ದ ಲೇಖನಿ ಮಾತ್ರ ನಿಲ್ಲಲಿಲ್ಲ. ಭೇದಿ ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಅವನು ಕೈಮುಗಿದು ಹೋದ.

ಆಮೇಲೆ ರೈಲಿನ ಕೂಗು ಕೇಳಿದರೆ ಊಟ ಸೇರದಂತಾಯಿತು. ರೈಲಿಲ್ಲದ ಊರೆಂದು ಕಲ್ಯಾಣದುರ್ಗಕ್ಕೆ ವರ್ಗ ಕೇಳಿ ಬಂದೆ. ಪಾಠ ಬದಲಾಯಿಸಿದೆ. ಕೂಸು ಕೇಳಿದಾಗೆಲ್ಲ ಕೊಡಿ ಎನ್ನತೊಡಗಿದೆ. ಯಾಕೆ ಬದಲಾಯಿಸಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಿನವರು ಒಳ್ಳೆಯ ಡಾಕ್ಟರಮ್ಮ ಎಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಎರ್ರಮ್ಮ ಎದುರಿಗೆ ಬಂದು ನಿಂತಳು. ಮತ್ತೆ ಬಸುರಿ. ತವರು ಅಲ್ಲೇ ಹತ್ತಿರದ ಸೆಟ್ಟೂರಿನ ಕಡೆ, ಹೆರಿಗೆಗೆ ಬಂದಿದ್ದಳಂತೆ. ನಾನಿಲ್ಲಿದ್ದೇನೆಂದು ಕೇಳಿ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ನನ್ನನ್ನೇ ಹುಡುಕಿಕೊಂಡು. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ನಿಮ್ತಾವ ಒಂದು ಮುಚ್ಚಿಟ್ಟಿದ್ದೆ ಕಣಮ್ಮ," ಎಂದಳು, ಕೂತ ಮೇಲೆ. "ಒಂದಿನ ಬಂಡಿ ಬರ್ಲೇ ಇಲ್ಲ. ಹೊತ್ತು ನೆತ್ತಿಗೆ ಬಂತು. ಅವ್ನು ಅತ್ತೂ ಅತ್ತೂ ದನಿ ಹೋಗಿತ್ತು. ತಡೀಲಾರ್ದೆ ಬಾಗ್ಲು ಹಾಕ್ಕಂಡು ಕೊಟ್ಬುಟ್ಟೆ. ಅದ್ಕೇ ಹೋಗ್ಬುಟ್ಟ, ಚೀಟೀಲೂ ಭೇದಿ ಅಂತ ಬಂತು. ನಾನೇ ಕೊಂದ್ಬುಟ್ಟೆ. ಈ ಸಲ ತಪ್ಪಲ್ಲ. ಈ ಕಡೆ ಬಂಡಿ ಇಲ್ವಲ್ಲ, ಹೊತ್ತು ಹೆಂಗೆ ನೋಡ್ಲಿ, ಹೇಳಿ."

ಸುಮ್ಮನಿದ್ದುಬಿಡಬಹುದಿತ್ತು. ಈ ಸಲ ಕೇಳಿದಾಗೆಲ್ಲ ಕೊಡು ಎಂದಷ್ಟೇ ಹೇಳಿ ಕಳಿಸಬಹುದಿತ್ತು. ಆದರೆ ಅವಳು ತನ್ನನ್ನೇ ಕೊಲೆಗಾತಿ ಎಂದುಕೊಂಡು ಎರಡು ವರ್ಷ ಬದುಕಿದ್ದಳು, ನನ್ನಿಂದ.

"ನಿನ್ನ ತಪ್ಪಲ್ಲ ಎರ್ರಮ್ಮ," ಎಂದೆ. "ನಾನು ಹೇಳಿದ್ದೇ ತಪ್ಪು. ಅತ್ತಾಗ ಕೊಡಬೇಕಿತ್ತು. ನಿಮ್ಮತ್ತೆ ಹೇಳಿದ್ದು ಸರಿ. ಚೀಟಿಯಲ್ಲಿ ನಾನು ಬರೆದದ್ದೂ ಸುಳ್ಳು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಅವ್ನು ಹಸ್ಕಂಡು ಹೋದ್ನೇನಮ್ಮ?"

ಅಷ್ಟರವರೆಗೆ ನನಗೆ ಅದು ಹೊಳೆದಿರಲಿಲ್ಲ. ನನ್ನ ಹೊರೆ ಇಳಿಸಿಕೊಳ್ಳುವ ಆತುರದಲ್ಲಿ ಇದನ್ನು ಅವಳ ತಲೆಗೆ ಹೊರಿಸಿದ್ದೆ. ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೌದು," ಎಂದೆ.

ಅವಳು ಸೆರಗು ಸರಿ ಮಾಡಿಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, ನನಗಲ್ಲ, ತನಗೇ ಎಂಬಂತೆ ಹೇಳಿಕೊಂಡಳು.

"ಆವತ್ತೊಂದಿನ ಹೊಟ್ಟೆ ತುಂಬ ಕುಡ್ದ. ಕುಡ್ದು ಮಲಿಕ್ಕಂಡ."